ಹತ್ತನೇ ಕಾಲಂ

ಕಬ್ಬನ್‌ಪೇಟೆಯ ಹದಿಮೂರನೇ ಅಡ್ಡರಸ್ತೆ.
ಇಬ್ಬರು ಎದುರಾದರೆ ಒಬ್ಬರು ಗೋಡೆಯಾಗಬೇಕು.
ನಾನು ಗಣತಿ ಮೇಡಂ, ಕಂಕುಳಲ್ಲಿ ರಟ್ಟಿನ ಪ್ಯಾಡು,
ಕೈಯಲ್ಲಿ ಸೀಮೆಸುಣ್ಣ, ಬಾಗಿಲಿಗೊಂದು ನಂಬರು.

ಮೂರನೇ ಮಹಡಿ. ಕೆಳಗೆ ಪವರ್‌ಲೂಮು
ಕಟ್ಟಡವನ್ನೇ ಜರಡಿ ಹಿಡಿದಂತೆ ಅಲುಗಿಸುತ್ತಿತ್ತು.
ತುಳಜಾಬಾಯಿ, ಎಪ್ಪತ್ತೊಂಬತ್ತು, ವಿಧವೆ,
ಓದು: ರುಜು ಹಾಕುವಷ್ಟು.
ಮಾತೃಭಾಷೆ? ಅಂದೆ.
ಬರ್ಕೊಳ್ಳಿ, ಕನ್ನಡ, ಅಂದರು.
ಬರೆದುಕೊಂಡೆ. ನೀರು ಕೊಟ್ಟರು. ಕುಡಿದೆ.

ಅರ್ಧ ಮೆಟ್ಟಿಲು ಇಳಿದಾಗ ಮೇಲಿಂದ ದನಿ:
“ಮೇಡಂ, ಅಳಿಸಕ್ಕಾಗುತ್ತಾ?”

ಮತ್ತೆ ಹತ್ತಿದೆ, ಮಂಡಿ ಹಿಡಿದುಕೊಂಡು.
“ಮನೇಲಿ ಬೇರೆ ಮಾತಿದೆ. ಇತ್ತು. ಇದೆ.
ಯಜಮಾನ್ರು ಹೋದಮೇಲೆ
ಅದರಲ್ಲಿ ಉತ್ತರ ಕೊಡೋರಿಲ್ಲ.
ಮೊಮ್ಮಗಳಿಗೆ ಬೈಗುಳ ಮಾತ್ರ ಅರ್ಥವಾಗುತ್ತೆ.
ಅದಾದರೂ ಉಳೀಲಿ ಅಂತ ದಿನಾ ಬೈತೀನಿ.”

ಏನು ಹೆಸರು ಆ ಭಾಷೆಗೆ?
ಅವರು ಕಿಟಕಿ ಕಡೆ ನೋಡಿದರು.
“ನಾವು ನಮ್ಮ ಮಾತು ಅಂತೀವಿ.
ಹೆಸರಿಡೋದು ಪಕ್ಕದ ಮನೆಯವರಲ್ವಾ.”

ಕೈಪಿಡಿಯ ಪಟ್ಟಿಯಲ್ಲಿ ಅಂಥದ್ದು ಇರಲಿಲ್ಲ.
ಹತ್ತು ಸಾವಿರ ತಲೆ ಸೇರದ ನುಡಿಯೆಲ್ಲ
‘ಇತರೆ’ ಎಂಬ ಚೀಲಕ್ಕೆ:
ಸಂಜೆಯ ಕೆ.ಆರ್. ಮಾರ್ಕೆಟ್ಟು, ಮಿಕ್ಕಿದ ತರಕಾರಿ,
ಗುಡ್ಡೆ ಹತ್ತು ರೂಪಾಯಿ.

ಒಂದು ಪದ ಹೇಳಿ, ಅಂದೆ. ಸುಮ್ಮನೆ, ಕುತೂಹಲಕ್ಕೆ.
ಅವರು ಸೆರಗಿನ ಅಂಚಿನಿಂದ ಒಂದೆಳೆ ಕಿತ್ತರು,
ತುಂಡು ಮಾಡಿದರು, ಬೆರಳಿಗೆ ಎಂಜಲು ಹಚ್ಚಿ
ಎರಡು ತುದಿ ಸೇರಿಸಿ ಹೊಸೆದರು. ಗಂಟಿಲ್ಲ.
ಆಮೇಲೆ ಆ ಪದ ಹೇಳಿದರು.
ಕುಣಿಮಗ್ಗದ ಕಾಲದಲ್ಲಿ ದಿನಕ್ಕೆ ನೂರು ಸಲ ಬೇಕಾಗುತ್ತಿದ್ದದ್ದು.
ವಾರಗಿತ್ತಿಯರು ಜಗಳವಾಡಿ, ಯಾರೂ ತಪ್ಪಾಯ್ತೆನ್ನದೆ,
ಮಾರನೇ ಬೆಳಗ್ಗೆ ಒಂದೇ ಒಲೆಯ ಮುಂದೆ ಕೂತರೆ
ಅದಕ್ಕೂ ಅದೇ ಪದ.
ಕೆಳಗಿನ ಯಂತ್ರ ಎಳೆ ಹರಿದರೆ ತಾನೇ ನಿಲ್ಲುತ್ತದೆ.
ಏನೂ ಅನ್ನುವುದಿಲ್ಲ.

ಫಾರಮ್ಮಿನ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಬರೆದೆ.
ನಮ್ಮ ಜ ಅಲ್ಲ, ಝ ಅಲ್ಲ, ನಡುವೆ ಹಲ್ಲಿನ ಸಂದಿಯ ಗಾಳಿ;
ವರ್ಣಮಾಲೆ ಪೂರ್ತಿ ತಿರುವಿ ಹಾಕಿದರೂ ಸಿಗಲಿಲ್ಲ.
ಸಂಜೆ ಮೇಲ್ವಿಚಾರಕ ಚೆಲುವಯ್ಯ ಸಾರ್
ಅಂಚಿನಲ್ಲಿ ಏನೂ ಇರಕೂಡದೆಂದು ರಬ್ಬರು ಕೊಟ್ಟರು.
ಅಳಿಸಿದೆ. ಅದಕ್ಕೂ ಮುಂಚೆ
ಬಸ್ ಟಿಕೆಟ್ಟಿನ ಹಿಂದೆ ಇಳಿಸಿಕೊಂಡಿದ್ದೆ.

ನನ್ನ ಮನೆಯ ಫಾರಂ ಮೊದಲ ದಿನವೇ ತುಂಬಿದ್ದೆ.
ಹತ್ತನೇ ಕಾಲಮ್ಮಿನಲ್ಲಿ ಪೆನ್ನು ತಡವರಿಸಲಿಲ್ಲ.
ಅವ್ವ ಕೋಳಿ ಕರೆಯುತ್ತಿದ್ದ ಮಾತು,
ನಿದ್ದೆಯಲ್ಲಿ ಕನವರಿಸುತ್ತಿದ್ದ ಮಾತು,
ಜ್ವರದ ನನ್ನ ಹಣೆ ಮುಟ್ಟಿ ಮೆಲ್ಲಗೆ ಅನ್ನುತ್ತಿದ್ದ ಮಾತು
ಶಾಲೆಯ ಹೊಸಿಲ ಹೊರಗೆ ಚಪ್ಪಲಿಯಂತೆ ಬಿಟ್ಟೆ.
ಬರುವಾಗ ಹಾಕಿಕೊಳ್ಳಲು ಮರೆತೆ.
ಕನ್ನಡ ನನಗೆ ಅನ್ನ. ಸುಳ್ಳು ಬರೆಯಲಿಲ್ಲ.
ಪ್ರತಿ ನವೆಂಬರಿನಲ್ಲಿ ನಮ್ಮ ನುಡಿ ಉಳಿಸಿ ಎಂದು
ಮಕ್ಕಳ ಸಾಲಿನ ಮುಂದೆ ಕೂಗುವವಳೂ ನಾನೇ,
ಗಂಟಲು ಕಟ್ಟುವವರೆಗೆ.
ಹಾಗೆ ಕೂಗುವಾಗ ಕಾಲಡಿ ಏನೋ ಮೆತ್ತಗೆ ಹತ್ತುತ್ತದೆ.
ಈವರೆಗೆ ಬಗ್ಗಿ ನೋಡಿರಲಿಲ್ಲ.

ಶನಿವಾರ ಪರ್ಸಿನಿಂದ ಟಿಕೆಟ್ಟು ತೆಗೆದೆ.
ಮುಂದಿನ ದರ, ತಾರೀಖು ಮಾಸಿಹೋಗಿವೆ; ಹಿಂದಿನ ಪದ ಇದೆ.
ಫೋನು ಮಾಡಿ ಓದಿದೆ.
ಆ ಕಡೆ ನಗು, ಕೆಮ್ಮು, ಮತ್ತೆ ನಗು:
“ಅಯ್ಯೋ, ಅದು ಮೂಗಿನ ಸಿಂಬಳ ಆಯ್ತು ಮೇಡಂ.
ನಾಲಗೆ ಇನ್ನೂ ಸ್ವಲ್ಪ ಹಿಂದೆ.”
ಹೇಳಿದೆ.
“ಇನ್ನೂ.”
ಅವರ ದನಿಯ ಹಿಂದೆ ಮಗ್ಗ ಖಟಾ ಖಟಾ ಖಟಾ,
ಥಟ್ಟನೆ ನಿಂತಿತು. ಎಳೆ ಹರಿದಿರಬೇಕು.
“ಈಗ ಹೇಳಿ,” ಅಂದರು.